ಹತ್ತನೆಯ ಕೈ

ಅದಿರುಪೇಟೆ,
ಜೂನ್ 31, 2189

ಪೂಜ್ಯ ವನಜಾಕ್ಷಿ ಟೀಚರ್ ಅವರಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಈ ಹೆಂಗಸಿಗೆ ತಲೆ ಸರಿ ಇಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ಜೂನ್ ತಿಂಗಳಿಗೆ ಮೂವತ್ತೊಂದು ದಿನ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದೆ ಹೋದಾಗ ಯಾರೋ ದೊಡ್ಡವರು ಕುಳಿತು ಕ್ಯಾಲೆಂಡರನ್ನೂ ಎಳೆದು ಉದ್ದ ಮಾಡಿದರು, ಅಷ್ಟೇ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಬೇಕು. ಆದಷ್ಟೂ ನಿಮ್ಮ ಕನ್ನಡದಲ್ಲೇ ಬರೆಯುತ್ತೇನೆ. ಮೂವತ್ತೆಂಟು ವರ್ಷ ನಿಮ್ಮ ಕೈಬರಹದ ರಿಜಿಸ್ಟರುಗಳನ್ನು ಓದಿ ಓದಿ, ನೀವು ಅಂಚಿನಲ್ಲಿ ಬರೆದ ಬೈಗುಳಗಳ ಸಮೇತ ಎಲ್ಲವೂ ನನಗೆ ಬಾಯಿಪಾಠವಾಗಿದೆ.

ನಾನು ನಿಮ್ಮ ವಂಶದವಳಲ್ಲ. ಅದಿರು ಲಾರಿಗಳ ಹಳೇ ವೇಬ್ರಿಡ್ಜ್ ಹಿಂದೆ ನಾಲ್ಕು ತಗಡು ನಿಲ್ಲಿಸಿ ಬೀದಿನಾಯಿಗಳಿಗೆ ಅಂತ ನೀವು ಶುರು ಮಾಡಿದ ಆಶ್ರಯ ಇದೆಯಲ್ಲ, ಅದನ್ನು ನಿಮ್ಮ ನಂತರ ನೋಡಿಕೊಂಡವರಲ್ಲಿ ಏಳನೆಯವಳು. ವಯಸ್ಸು ಅರವತ್ಮೂರು. ಈ ಕಾಗದವನ್ನು ಲಾಕಪ್ಪಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಮೇಲಿರುವ ಅಪರಾಧ, ಕಚ್ಚಿದ್ದು. ನಾಯಿ ಕಚ್ಚಿದ್ದಲ್ಲ ಟೀಚರ್, ನಾನು ಕಚ್ಚಿದ್ದು. ಯಾಕೆ ಅನ್ನುವುದನ್ನು ಹೇಳುತ್ತೇನೆ. ಆಮೇಲೆ ನಿಮ್ಮನ್ನು ಒಂದೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮೊದಲ ರಿಜಿಸ್ಟರಿನ ಮೊದಲ ಪುಟದಲ್ಲಿ ಒಂದು ಸಾಲಿದೆ: ಹತ್ತು ಬೇರೆ ಬೇರೆ ಕೈಗಳಿಂದ ಉಣ್ಣುವ ತನಕ ಯಾವ ನಾಯಿಯನ್ನೂ ಯಾರ ಮನೆಗೂ ಕೊಡತಕ್ಕದ್ದಲ್ಲ. ಆ ಸಾಲನ್ನು ದಯವಿಟ್ಟು ಹೊಡೆದು ಹಾಕಿ.

ಈ ಕಾಗದ ನಿಮಗೆ ಮುಟ್ಟುವುದು ಹಿಂದಂಚೆಯಲ್ಲಿ. ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಹೇಗೆ ಹೋಗುತ್ತದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಿಮ್ಮ ಫೋನಿನೊಳಗೆ ಮಾತು ಹೇಗೆ ಬರುತ್ತಿತ್ತು ಅಂತ ನಿಮಗೆ ಗೊತ್ತಿತ್ತೇ? ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ತಮ್ಮ ಹಿರಿಯರಿಗೆ ಆ ಜಮೀನು ಬಿಡಬೇಡಿ, ಆ ಮನೆಗೆ ಹೆಣ್ಣು ಕೊಡಬೇಡಿ ಅಂತೆಲ್ಲ ಬರೆಯುತ್ತಾರೆ. ಹಿಂದಿನವರು ಮಾತು ಕೇಳಿದರೆ ಇಲ್ಲಿ ಎಲ್ಲವೂ ಬದಲಾಗಿಬಿಡುತ್ತದಂತೆ, ಬರೆದವರಿಗೆ ಮಾತ್ರ ಏನೂ ನೆನಪಿರುವುದಿಲ್ಲವಂತೆ. ಅವರ ಪಾಲಿಗೆ ಮೊದಲಿಂದಲೂ ಹಾಗೇ ಇದ್ದ ಹಾಗೆ. ಲಾಕಪ್ಪಿಗೇ ಬಂದಿದ್ದ ಅಂಚೆ ಗುಮಾಸ್ತ ನನ್ನ ಅರ್ಜಿ ನೋಡಿ, ಏನಮ್ಮಾ, ಇರೋ ಒಂದು ಕಾಗದಾನ ನಾಯಿಗೋಸ್ಕರ ಹಾಳು ಮಾಡ್ಕೋತೀಯಾ ಅಂದ. ನಿನ್ನಂಥೋನಿಗೋಸ್ಕರ ಹಾಳು ಮಾಡ್ಕೊಳ್ಳೋದಕ್ಕಿಂತ ವಾಸಿ ಬಿಡಪ್ಪಾ ಅಂದೆ. ಮುದ್ರೆ ಒತ್ತಿ ಕೊಟ್ಟ.

ನಮ್ಮ ಊರು ಹೇಗಿದೆ ಅಂತ ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಇಲ್ಲಿ ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಕಟ್ಟಿದ್ದಾರೆ, ಮದುವೆ ಚಪ್ಪರದ ಥರ. ಆದರೂ ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಆದರೆ ಊರಿಗೆ ಊರೇ ನೆಲದಡಿಗೆ ಇಳಿಯುತ್ತದೆ. ಸಂಜೆ ನಾಲ್ಕರ ತನಕ ಮೇಲೆ ಯಾರೂ ಇರಕೂಡದು. ಇದಕ್ಕೆ ಇಳಿಹೊತ್ತು ಅನ್ನುತ್ತೇವೆ. ಮನೆಮನೆಗೂ ಕೆಳಗೊಂದು ತಂಪುಗುಳಿ ಇದೆ. ಅಲ್ಲೇ ಉಣ್ಣುವುದು, ಮಲಗುವುದು, ಜಗಳ ಆಡುವುದು. ನಾಯಿಗಳನ್ನು ತಂಪುಗುಳಿಗೆ ಬಿಡುವುದಿಲ್ಲ. ಅವು ಮೇಲೆ ಜಗುಲಿಯ ನೆರಳಲ್ಲಿ, ಒದ್ದೆ ಗೋಣಿಚೀಲದ ಮೇಲೆ ಬಿದ್ದುಕೊಂಡಿರುತ್ತವೆ. ಊರಾಚೆ ನಿಮ್ಮ ಕಾಲದವರು ತೋಡಿಟ್ಟು ಹೋದ ಗಣಿಗುಂಡಿಗಳು ಹಾಗೇ ಇವೆ. ಅದರ ತಳದಲ್ಲಿ ನೀರು ನಿಲ್ಲುತ್ತದೆ, ಸುತ್ತ ಗಣಿನಾಯಿಗಳು ಇರುತ್ತವೆ. ಅವು ಮನುಷ್ಯರ ಕೈಯಿಂದ ಒಂದು ತುತ್ತೂ ತಿಂದವಲ್ಲ. ಮನುಷ್ಯನ ವಾಸನೆ ಬಂದರೆ ಫರ್ಲಾಂಗು ದೂರ ಓಡುತ್ತವೆ, ಇಲ್ಲವಾದರೆ ಮೈಮೇಲೆ ಬೀಳುತ್ತವೆ.

ಆಶ್ರಯದ ಕೆಲಸ ಮಾತ್ರ ನೀವು ಮಾಡಿದ್ದೇ. ಬೆಳಿಗ್ಗೆ ಎದ್ದು ಜೋಳದ ಅಂಬಲಿ ಕಾಯಿಸುವುದು, ಕಿವಿಯೊಳಗಿನ ಉಣ್ಣೆ ಕೀಳುವುದು, ಹುಳ ಬಿದ್ದ ಗಾಯ ತೊಳೆಯುವುದು, ಕಜ್ಜಿಗೆ ಬೇವಿನೆಣ್ಣೆ ಹಚ್ಚಿಸಿಕೊಳ್ಳದೆ ಓಡುವ ಕಳ್ಳರನ್ನು ಹಿಡಿದು ತರುವುದು. ಸಿಕ್ಕಿದ ಜಾಗದ ಹೆಸರನ್ನೇ ನಾಯಿಗೆ ಇಡುವ ನಿಮ್ಮ ಪದ್ಧತಿಯೂ ನಡೆದುಬಂದಿದೆ. ರೈಲ್ವೆ ಗೇಟು, ಹಳೇ ಗೋದಾಮು, ಸಂತೆಕಟ್ಟೆ. ಲೇ ರೈಲ್ವೆ ಗೇಟೂ, ಮಗನೇ ಬಾರೋ ಇಲ್ಲಿ ಅಂತ ನಾನು ಕೂಗುವುದನ್ನು ಕೇಳಿ ಊರಿಗೆ ಹೊಸಬರು ನಿಂತು ನೋಡುತ್ತಿದ್ದರು. ನನ್ನ ಜೊತೆಗೆ ಮಾಬುಸಾಬ್ ಇದ್ದ. ಎಪ್ಪತ್ತರ ಮುದುಕ. ಪ್ರಾಯದಲ್ಲಿ ಬೀದಿ ಚೊಕ್ಕಟ ದಳದಲ್ಲಿದ್ದು ನಾಯಿ ಬಡಿಯುವ ಕೆಲಸ ಮಾಡಿದವ, ಅದು ಸಾಕಾಗಿ ನಮ್ಮಲ್ಲಿಗೆ ಬಂದು ನಲವತ್ತು ವರ್ಷ ನಾಯಿಗಳ ಹೇಲು ಬಾಚಿದ.

ಹತ್ತು ಕೈ ಪಾಠ ನಮ್ಮ ಹೆಮ್ಮೆ. ತಗಡಿನ ತಟ್ಟೆಯನ್ನು ಚಮಚದಿಂದ ಟಣ್ ಟಣ್ ಅಂತ ಬಡಿಯಬೇಕು. ನಾಯಿ ಬಂದು ಕೈ ಮುಂದೆ ಕೂರಬೇಕು. ಬೇರೆ ನಾಯಿಗಳಿದ್ದರೆ ಸರದಿ ಕಾಯಬೇಕು. ಇಂಜೆಕ್ಷನ್ ಚುಚ್ಚಿ ನೋಯಿಸಿದ ಕೈಯೇ ಆದರೂ, ಸ್ವಲ್ಪ ತಡೆದು ಮತ್ತೆ ಅದೇ ಕೈ ಹತ್ತಿರ ಬರಬೇಕು. ಹೀಗೆ ಒಬ್ಬೊಬ್ಬರಾಗಿ ಹತ್ತು ಜನ ಹೊಸಬರ ಕೈಯಿಂದ ತಿಂದರೆ ಪಾಸು. ನಮ್ಮಲ್ಲಿ ಪಾಸಾದ ನಾಯಿ ಊರಲ್ಲಿ ಯಾರನ್ನೂ ಕಚ್ಚಿದ್ದಿಲ್ಲ. ಎಷ್ಟು ಸಲ ನಾನು ಎದೆ ಉಬ್ಬಿಸಿಕೊಂಡು ಇದನ್ನು ಹೇಳಿದ್ದೇನೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಈಗ ಟಾಂಕಿಯ ವಿಷಯ. ನೀರಿನ ಟಾಂಕಿಯ ಕೆಳಗೆ ಸಿಕ್ಕಿದವಳು, ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ಯಾರೋ ಕತ್ತಿಗೆ ತಂತಿ ಬಿಗಿದು ಎಳೆದಾಡಿದ್ದರು. ತಂತಿ ಚರ್ಮದೊಳಗೆ ಹೂತು ಮೇಲೆ ಮಾಂಸ ಬೆಳೆದಿತ್ತು. ಬಿಡಿಸಲು ಹೋದಾಗ ನನ್ನ ಬಲಗೈಯನ್ನು ಈ ಕಡೆಯಿಂದ ಆ ಕಡೆಗೆ ತೂತು ಬೀಳುವ ಹಾಗೆ ಕಚ್ಚಿದಳು. ಗಾಯ ಮಾಗಿದ ಮೇಲೂ ಆರು ತಿಂಗಳು ಮೂಲೆ ಬಿಟ್ಟು ಏಳಲಿಲ್ಲ. ನಾನು ಬೆನ್ನು ತಿರುಗಿಸಿಕೊಂಡು ಕುಳಿತು, ರೊಟ್ಟಿ ಚೂರು ಹಿಂದಕ್ಕೆ ಚಾಚಿಕೊಂಡು, ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ದಿನಾ ಕಾದೆ. ಒಂದು ದಿನ ಬೆರಳಿಗೆ ಒದ್ದೆ ಮೂಗು ತಾಗಿತು. ಅಯ್ಯೋ ಟೀಚರ್, ನನಗೆ ಹೆತ್ತ ಮಕ್ಕಳಿಲ್ಲ, ಹೆತ್ತಿದ್ದರೂ ಅಷ್ಟು ಅಳುತ್ತಿದ್ದೆನೋ ಇಲ್ಲವೋ.

ಒಂಬತ್ತು ಕೈ ಮುಗಿಯುವ ಹೊತ್ತಿಗೆ ಹನ್ನೊಂದು ತಿಂಗಳಾಗಿತ್ತು. ಹತ್ತನೆಯ ಕೈ ಸಿಗಲೇ ಇಲ್ಲ. ಇವಳ ಹಲ್ಲಿನ ಕಥೆ ಊರಿಗೆಲ್ಲ ಗೊತ್ತಿತ್ತು, ಯಾರೂ ಮುಂದೆ ಬರಲಿಲ್ಲ. ಆಗ ನಾನು ಮಾಡಿದ ಕೆಲಸ ಕೇಳಿ. ಪಕ್ಕದ ಬೀದಿಯಲ್ಲೇ ಚೊಕ್ಕಟ ದಳದ ಠಾಣೆ. ಅದರ ಮೇಸ್ತ್ರಿ ಗಾದಿಲಿಂಗ ಒಳ್ಳೇ ಹುಡುಗ, ಅಕ್ಕಾ ಅಕ್ಕಾ ಅಂತ ಮಾತಾಡಿಸುತ್ತಿದ್ದ. ಬಾರಪ್ಪಾ, ಒಂದು ರೊಟ್ಟಿ ಚೂರು ಕೊಟ್ಟು ಹೋಗು ಅಂತ ನಾನೇ ಕರೆದೆ. ಮಾಬುಸಾಬ್ ಬೇಡ ಅಂದ. ದಳದವರಿಗೆ ತಟ್ಟೆ ತೋರಿಸಬೇಡಮ್ಮಾ ಅಂದ. ನಿನಗೆ ಎಲ್ಲದರಲ್ಲೂ ಅನುಮಾನ ಸುಮ್ಮನಿರು ಅಂತ ಬಾಯಿ ಮುಚ್ಚಿಸಿದೆ. ಗಾದಿಲಿಂಗ ಬಂದ, ತಟ್ಟೆ ಬಡಿದ, ಕೂತ. ಟಾಂಕಿ ನಡುಗುತ್ತಾ ಬಂದು ಅವನ ಬೆರಳಿನ ತುದಿಯಿಂದ ರೊಟ್ಟಿ ತೆಗೆದುಕೊಂಡಳು. ಅವನಿಗೂ ಎಷ್ಟು ಖುಷಿಯೋ! ಮರುದಿನ ತನ್ನ ಜನರನ್ನೂ ಕರೆದುಕೊಂಡು ಬಂದು ತೋರಿಸಿದ. ಟಾಂಕಿ ಸೊಪ್ಪು ಮಾರುವ ಹುಲಿಗೆಮ್ಮನ ಮನೆಗೆ ಹೋದಳು.

ಎರಡು ವರ್ಷದ ಮೇಲೆ, ಈ ಮಾರ್ಚಿನಲ್ಲಿ, ಗಣಿನಾಯಿಗಳು ಒಂದು ಹೆಣ್ಣುಕೂಸನ್ನು ಕೊಂದವು. ಆರು ವರ್ಷ. ಗಾದಿಲಿಂಗನ ತಂಗಿಯ ಮಗಳು. ಗುಂಡಿಯ ಅಂಚಿಗೆ ಕಾರೆಹಣ್ಣು ಕೀಳಲು ಹೋಗಿತ್ತು. ಸಿಕ್ಕಿದ್ದನ್ನು ಗಾದಿಲಿಂಗನೇ ತನ್ನ ಅಂಗಿಯಲ್ಲಿ ಕಟ್ಟಿಕೊಂಡು ತಂದ. ನಾನೂ ಮಣ್ಣಿಗೆ ಹೋಗಿದ್ದೆ. ನಾಯಿಗಳು ದೇವರು ಅಂತ ನಾನು ಯಾವತ್ತೂ ಹೇಳಿಲ್ಲ. ಊರಿನಲ್ಲಿ ಗಲಾಟೆ ಎದ್ದಿತು. ದಳಕ್ಕೆ ಹುಕುಂ ಬಂತು, ನಾಯಿ ಅನ್ನುವುದು ಕಾಣಬಾರದು ಅಂತ. ದಳದವರು ಮೂರು ದಿನ ಗಣಿಗುಂಡಿ ಸುತ್ತಿ ಬರಿಗೈಯಲ್ಲಿ ಬಂದರು. ಗಣಿನಾಯಿ ಕೈಗೆ ಸಿಗುತ್ತದೆಯೇ?

ನಾಲ್ಕನೆಯ ದಿನ ಇಳಿಹೊತ್ತು. ನಾನು ಆಶ್ರಯದ ತಂಪುಗುಳಿಯಲ್ಲಿ ಅಂಬಲಿ ಕುಡಿಯುತ್ತಿದ್ದೆ. ಮೇಲಿಂದ ಟಣ್ ಟಣ್ ಅಂತ ತಟ್ಟೆ ಸದ್ದು ಕೇಳಿಸಿತು. ಇಷ್ಟು ಹೊತ್ತಿನಲ್ಲಿ ಯಾರಪ್ಪಾ ನಾಯಿಗೆ ಹಾಕ್ತಿರೋರು ಅಂದುಕೊಂಡೆ. ಟೀಚರ್, ನಿಜ ಹೇಳುತ್ತೇನೆ, ಯಾರೋ ಪುಣ್ಯಾತ್ಮರು ಅಂದುಕೊಂಡೆ. ಮೆಟ್ಟಿಲು ಹತ್ತಿ ಬಂದೆ. ಪೇಟೆಬೀದಿಯ ನಡುವೆ ತಂಪಂಗಿ ತೊಟ್ಟ ಎಂಟು ಜನ. ಬಿಸಿಲು ತಾಗದ ಹಾಗೆ ಒಳಗೆ ನೀರು ಹರಿಯುವ ಅಂಗಿ ಅದು, ದಳದವರಿಗೆ ಮಾತ್ರ ಕೊಡುತ್ತಾರೆ. ಗುಂಡು ಹಾರಿಸಿದರೆ ನೆರಳುಬಟ್ಟೆ ತೂತಾಗುತ್ತದೆ ಅಂತ ಕೈಯಲ್ಲಿ ಕಬ್ಬಿಣದ ರಾಡು. ಮುಂದೆ ಗಾದಿಲಿಂಗ ತಟ್ಟೆ ಬಡಿಯುತ್ತಿದ್ದ. ಜಗುಲಿ ಜಗುಲಿಯಿಂದ ನಮ್ಮ ನಾಯಿಗಳು ಓಡಿ ಬರುತ್ತಿದ್ದವು. ಬಂದು ಕೈ ಮುಂದೆ ಕೂರುತ್ತಿದ್ದವು. ಹಿಂದಿನಿಂದ ರಾಡು ಬೀಳುತ್ತಿತ್ತು. ತೆಂಗಿನಕಾಯಿ ಒಡೆದ ಹಾಗೆ ಸದ್ದು. ಕಾಲು ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು, ಆಮೇಲೆ ಇನ್ನೊಂದು. ಆ ಇನ್ನೊಂದು ಓಡಿಹೋಗಬೇಕಲ್ಲ? ಇಲ್ಲ. ಮುಂದಿನದರ ಮಿದುಳು ತನ್ನ ಮುಖಕ್ಕೆ ಸಿಡಿದಿದ್ದರೂ ಬಾಲ ಅಲ್ಲಾಡಿಸುತ್ತಾ ಸರದಿ ಕಾಯುತ್ತಿತ್ತು. ಅದನ್ನೂ ಕಲಿಸಿದ್ದು ನಾವೇ.

ನಾನು ಬರಿಗಾಲಲ್ಲಿ ಓಡಿದೆ. ಅಂಗಾಲಿನ ಚರ್ಮ ಕಲ್ಲಿಗೆ ಅಂಟಿಕೊಂಡು ಬಂತು. ಓಡ್ರೋ, ಓಡ್ರೋ ನನ್ನಪ್ಪಗಳಿರಾ ಅಂತ ಕಿರುಚಿದೆ. ನನ್ನ ದನಿ ಕೇಳಿ ಇನ್ನೂ ನಾಲ್ಕು ನಾಯಿ ಬಂದವು. ಒಬ್ಬ ರಾಡಿನಿಂದ ನನ್ನ ಎಡಭುಜಕ್ಕೆ ಬಾರಿಸಿದ, ಮೂಳೆ ಮುರಿದು ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದ ಕಂಡೆ, ಹುಲಿಗೆಮ್ಮನ ಜಗುಲಿಯಿಂದ ಟಾಂಕಿ ಬಂದಳು. ಗಾದಿಲಿಂಗನ ಗುರುತು ಹಿಡಿದಳು. ಮೈಯೆಲ್ಲ ಬಳುಕಿಸಿಕೊಂಡು ಬಂದು ಅವನ ಮುಂದೆ ಕುಳಿತಳು. ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತಾನೇ ರಾಡು ತೆಗೆದುಕೊಂಡು ಹೊಡೆದ. ದವಡೆ ಮುರಿದು ಜೋತುಬಿತ್ತು. ಕೆಳಗೆ ಬಿದ್ದವಳು ಎದ್ದಳು, ಸ್ವಲ್ಪ ತಡೆದಳು, ಮತ್ತೆ ಅವನ ಕೈ ಹತ್ತಿರವೇ ಹೋದಳು. ಎರಡನೆಯ ಏಟಿಗೆ ಏಳಲಿಲ್ಲ.

ಅವತ್ತು ಸತ್ತ ನಾಯಿಗಳು ನೂರ ಹನ್ನೊಂದು. ಅದರಲ್ಲಿ ಗಣಿನಾಯಿ ಒಂದೂ ಇರಲಿಲ್ಲ. ಕೂಸನ್ನು ತಿಂದವು ಗುಂಡಿಯಲ್ಲಿ ಆರಾಮಾಗಿದ್ದವು. ನಾಲ್ಕು ಗಂಟೆಗೆ ಊರು ಮೇಲೆ ಬಂದಾಗ ಬೀದಿ ತೊಳೆದಾಗಿತ್ತು. ಹುಲಿಗೆಮ್ಮ ಊರಾಚೆ ಸುರಿದಿದ್ದ ಹೆಣಗಳ ರಾಶಿಯಲ್ಲಿ ಹುಡುಕಿ, ಉಸಿರಾಡುತ್ತಿದ್ದ ಟಾಂಕಿಯನ್ನು ಸೊಪ್ಪಿನ ಗಾಡಿಯಲ್ಲಿ ಹಾಕಿಕೊಂಡು ತಂದಳು. ದವಡೆಗೆ ತಂತಿ ಕಟ್ಟಿ ಉಳಿಸಿಕೊಂಡೆವು.

ಆಶ್ರಯದ ಒಳಗೆ ಟಾಂಕಿ ಸೇರಿ ಹದಿನೇಳು ನಾಯಿ ಉಳಿದಿದ್ದವು. ಟಾಂಕಿ ಎದ್ದು ಓಡಾಡುವ ಹೊತ್ತಿಗೆ ನೋಟಿಸು ಬಂತು, ಹದಿನೈದು ದಿನದಲ್ಲಿ ಅವನ್ನೂ ಮುಗಿಸುತ್ತೇವೆ ಅಂತ. ಗಣಿಗುಂಡಿಗೆ ಬಿಟ್ಟುಬರೋಣ ಅಂದೆ. ಮಾಬುಸಾಬ್ ನನ್ನ ಮುಖ ನೋಡಿದ. ತಟ್ಟೆ ಸದ್ದಿಗೆ ವಾಪಸ್ ಬರ್ತಾವಮ್ಮ, ಮೊದಲು ಮನುಷ್ಯರ ಕೈ ಕಂಡರೆ ಓಡೋದು ಕಲೀಬೇಕು ಅಂದ. ನೀನೇ ಹೊಡಿ, ನಿನಗೆ ಗೊತ್ತಲ್ಲ ಆ ಕೆಲಸ ಅಂದೆ. ಆ ಮಾತು ಆಡಬಾರದಿತ್ತು. ಅವನು ಸಿಟ್ಟಾಗಲಿಲ್ಲ. ನಾನು ಹೊಡೆದರೆ ನನಗೆ ಹೆದರಿ ನಿನ್ನ ಹತ್ತಿರ ಓಡಿ ಬರ್ತಾವೆ, ಮೊದಲು ತಿನ್ನಿಸಿದ ಕೈಯೇ ಹೊಡೀಬೇಕು, ಆವಾಗ ಯಾವ ಕೈಯನ್ನೂ ನಂಬಲ್ಲ ಅಂದ.

ಹೊಡೆದೆ ಟೀಚರ್. ತಟ್ಟೆ ಬಡಿದು ಕರೆದು, ಬಂದು ಕುಳಿತ ಮೇಲೆ ಹೊಡೆದೆ. ಒಂದು ಕೈ ಕಟ್ಟಿಹಾಕಿತ್ತು, ಇನ್ನೊಂದರಲ್ಲಿ ಬಿದಿರು ಕೋಲು. ರೈಲ್ವೆ ಗೇಟು ಮೂರನೆಯ ದಿನ ಕಲಿತ. ಹಳೇ ಗೋದಾಮು ಕಿರುಚಿ ಉಚ್ಚೆ ಹೊಯ್ದುಕೊಂಡು ಗೋಡೆ ಹತ್ತಲು ಹೋಗಿ ಉಗುರು ಕಿತ್ತುಕೊಂಡ. ಸಂತೆಕಟ್ಟೆ ಬಸುರಿ, ಅವಳನ್ನೂ ಬಿಡಲಿಲ್ಲ. ಹನ್ನೆರಡು ದಿನಕ್ಕೆ ಹದಿನಾರೂ ನಾಯಿಗಳು ನನ್ನ ನೆರಳು ಕಂಡರೆ ಹಲ್ಲು ಕಿರಿದು ಹಿಂದೆ ಸರಿಯುತ್ತಿದ್ದವು. ಮಾಬುಸಾಬ್ ಗಾಡಿಯಲ್ಲಿ ಗುಂಡಿಗೆ ಒಯ್ದು ಬಿಟ್ಟ. ಒಂದೂ ತಿರುಗಿ ನೋಡಲಿಲ್ಲವಂತೆ. ನಾನು ಸಂತೋಷಪಟ್ಟೆ, ಆಮೇಲೆ ಹಿತ್ತಲಿಗೆ ಹೋಗಿ ಅವುಗಳ ತಟ್ಟೆಗಳನ್ನೆಲ್ಲ ತೊಳೆದು ಮಗುಚಿಟ್ಟೆ.

ಟಾಂಕಿ ಕಲಿಯಲಿಲ್ಲ. ಕೋಲು ಎತ್ತಿದರೆ ಕೂರುತ್ತಿದ್ದಳು. ಹೊಡೆದರೆ ಕುಂಯ್ ಅಂದು, ಸ್ವಲ್ಪ ತಡೆದು, ತೆವಳಿಕೊಂಡು ಬರುತ್ತಿದ್ದಳು. ಪಕ್ಕೆಗೆ ಹೊಡೆದೆ, ಬೆನ್ನಿಗೆ ಹೊಡೆದೆ. ಹೋಗೇ ಮುಂಡೇದೇ, ಸಾಯ್ತೀಯಾ, ಹೋಗೇ ಅಂತ ಬೈದೆ. ಹದಿಮೂರನೆಯ ದಿನ ಮೂಗಲ್ಲಿ ರಕ್ತ ಬರುವ ತನಕ ಹೊಡೆದೆ. ತಂತಿ ಕಟ್ಟಿದ ದವಡೆಯೊಳಗಿಂದ ನಾಲಿಗೆ ಒಂದಿಷ್ಟೇ ಹೊರಗೆ ಬರುತ್ತಿತ್ತು, ಅಷ್ಟರಲ್ಲೇ ಕೋಲು ಹಿಡಿದ ನನ್ನ ಕೈಯನ್ನು ನೆಕ್ಕಿದಳು. ಮಾಬುಸಾಬ್ ಕೋಲು ಕಿತ್ತುಕೊಂಡು, ಸಾಕು ಬಿಡಮ್ಮಾ, ಇದಕ್ಕಾಗಲ್ಲ ಅಂದ. ಗೋಣಿಚೀಲದಲ್ಲಿ ಹಾಕಿ ಗುಂಡಿಯಾಚೆ ಬಿಟ್ಟು ಬಂದ. ಮರುದಿನ ಬೆಳಿಗ್ಗೆ, ಅಂಗಾಲು ಒಡೆದುಕೊಂಡು, ಗೇಟಿನ ಮುಂದೆ ಕುಳಿತಿದ್ದಳು.

ಗಡುವಿನ ದಿನ ಅವಳನ್ನು ಜೋಳದ ಕೋಣೆಯಲ್ಲಿ ಹಾಕಿ ಚಿಲಕ ಇಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಗಾದಿಲಿಂಗ ನಾಲ್ಕು ಜನರ ಜೊತೆ ಬಂದ. ಸೊರಗಿಹೋಗಿದ್ದ. ಅಕ್ಕಾ, ಪಕ್ಕಕ್ಕೆ ಸರಿ, ನನ್ನ ತಂಗಿ ಇನ್ನೂ ಅನ್ನ ಮುಟ್ಟಿಲ್ಲ ಅಂದ. ಅಯ್ಯೋ ಗಾದಿಲಿಂಗಾ, ನಿನ್ನ ತಂಗಿಯ ಕಾಲು ಹಿಡಿದು ಬೇಕಾದರೂ ಅಳುತ್ತೇನೆ, ಆದರೆ ಕೂಸನ್ನು ಕೊಂದದ್ದು ಇದಲ್ಲ ಕಣೋ ಅಂದೆ. ಗೊತ್ತಕ್ಕಾ ಅಂದ. ಗೊತ್ತು, ಆದರೆ ಅವು ಸಿಗಲ್ಲ, ಇದು ಸಿಗುತ್ತೆ ಅಂದ. ಅಂದು, ತಟ್ಟೆ ಬಡಿದ. ಒಳಗಿನಿಂದ ಬಾಗಿಲು ಕೆರೆಯುವ ಸದ್ದು ಕೇಳಿಸಿತು. ಆಮೇಲೆ ಧಡ್ ಅಂತ ಬಾಗಿಲಿಗೆ ಮೈ ಹಾಕುವ ಸದ್ದು. ಮೇಲೆ ಒಂದು ಕಿಟಕಿ ಇತ್ತು, ಜೋಳದ ಚೀಲ ಹತ್ತಿದರೆ ಸಿಗುವಷ್ಟು ಎತ್ತರ. ನಾನು ಅದನ್ನು ಮರೆತಿದ್ದೆ. ಜಾಲರಿ ಹರಿದುಕೊಂಡು ಹಾರಿದಳು, ಹೊಟ್ಟೆಯೆಲ್ಲ ಗೀರಿಕೊಂಡು ಬಂದು, ಅವನ ಮುಂದೆ ಕುಳಿತಳು.

ಈ ಸಲ ಒಂದೇ ಏಟು.

ಆಮೇಲೆ ನಾನು ಎದ್ದದ್ದು ನೆನಪಿಲ್ಲ. ಬಾಯಿ ತುಂಬ ಉಪ್ಪು ಉಪ್ಪಾಗಿ ರಕ್ತ ಇತ್ತು, ಹಲ್ಲಿನ ನಡುವೆ ಅವನ ತೋರುಬೆರಳಿತ್ತು, ಮೂಳೆ ಕರ್ ಅಂದದ್ದು ಕೇಳಿಸಿತು. ನಾಲ್ಕು ಜನ ಬೆನ್ನಿಗೆ ಗುದ್ದುತ್ತಿದ್ದರೂ ಬಿಡಲಿಲ್ಲ. ಬೆರಳು ಬಿಟ್ಟುಬಂತು. ಅವಳಿಂದ ಆಗದ್ದನ್ನು ನಾನು ಮಾಡಿದೆ ಅಂತ ಆಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗಾದಿಲಿಂಗ ತಿರುಗಿ ಹೊಡೆಯಲಿಲ್ಲ. ಕೈ ಎದೆಗೆ ಒತ್ತಿಕೊಂಡು ಟಾಂಕಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, ಸತ್ತ ಆ ಕೂಸಿನ ಹೆಸರು ಹಿಡಿದು ಅತ್ತ. ಅವನನ್ನು ನಾನು ಕ್ಷಮಿಸಿಲ್ಲ. ಅವನ ಬಗ್ಗೆ ಯೋಚಿಸದೆ ಇರುವುದಕ್ಕೂ ಆಗುತ್ತಿಲ್ಲ.

ಇಷ್ಟು ಹೇಳಿ ಕೇಳಿಕೊಳ್ಳುತ್ತೇನೆ. ನೀವು ಮಾಡಿದ್ದು ತಪ್ಪು ಅಂತ ಬೆರಳು ತೋರಿಸಲು ಬರೆದದ್ದಲ್ಲ. ನಾಯಿ ಎಲ್ಲರನ್ನೂ ನಂಬಿದರೆ ಎಲ್ಲರೂ ನಾಯಿಯನ್ನು ನಂಬುತ್ತಾರೆ ಅಂತ ನೀವು ಅಂದುಕೊಂಡಿರಿ, ನಾವೂ ಅಂದುಕೊಂಡೆವು. ಆ ಸಾಲು ಹೊಡೆದುಹಾಕಿ ಟೀಚರ್. ಸಾಕುವವರ ಒಂದು ಕೈ ಸಾಕು. ಉಳಿದವರ ಕೈ ಕಂಡರೆ ಗುರ್ ಅನ್ನಲಿ, ದೂರ ನಿಲ್ಲಲಿ, ನೋಯಿಸಿದ ಕೈ ಹತ್ತಿರ ಜನ್ಮದಲ್ಲಿ ಬರದಿರಲಿ. ಇದರಿಂದ ನಿಮಗೆ ಕಷ್ಟವಾಗುತ್ತದೆ. ಹೆಚ್ಚು ಜನ ಕಚ್ಚಿಸಿಕೊಳ್ಳುತ್ತಾರೆ, ನಾಯಿ ಒಯ್ಯುವವರು ಕಡಿಮೆಯಾಗುತ್ತಾರೆ, ನಿಮ್ಮ ತಗಡಿನ ಶೆಡ್ಡು ತುಂಬಿ ತುಳುಕುತ್ತದೆ. ಎಲ್ಲ ಗೊತ್ತು. ಆದರೂ ಹೊಡೆದುಹಾಕಿ.

ನೀವು ಹಾಗೆ ಮಾಡಿದರೆ ನನಗೆ ಇದ್ಯಾವುದೂ ನೆನಪಿರುವುದಿಲ್ಲ. ಕಚ್ಚುವ ನಾಯಿಗಳ ಆಶ್ರಯ ನನ್ನ ಕಾಲದ ತನಕ ನಡೆದುಬರಲಿಕ್ಕಿಲ್ಲ, ನನ್ನ ಬೆರಳಿಗೆ ಆ ಒದ್ದೆ ಮೂಗು ತಾಗಿರುವುದೇ ಇಲ್ಲ. ಯಾವತ್ತಾದರೂ ನೀರಿನ ಟಾಂಕಿಯ ಹತ್ತಿರ ಹೋದರೆ ಕಿವಿ ಹರಿದ ಕಂದು ನಾಯಿಯೊಂದು ನನ್ನನ್ನು ಕಂಡು ಹಲ್ಲು ಕಿರಿದು ಓಡಿಹೋಗುತ್ತದೆ, ಥೂ, ಎಂಥ ಕೆಟ್ಟ ನಾಯಿ ಅಂತ ನಾನು ಅಂದುಕೊಂಡು ಮುಂದೆ ಹೋಗುತ್ತೇನೆ. ಹಾಗೇ ಆಗಲಿ ಟೀಚರ್. ನನಗೆ ಅವಳು ಸಿಗದೆಯೇ ಹೋಗಲಿ, ಓಡಿಹೋಗಲಿ.

ಇಂತಿ ನಿಮ್ಮ,
ಹೊನ್ನೂರಮ್ಮ